ಬಿಗಿ ಮಾಡಿದಷ್ಟೂ ಸೋರುವುದೇಕೆ?

ಕುಕ್ಕರ್ ಹಳೆಯದಾದ ಮನೆಗಳಲ್ಲಿ ಇದು ಎಲ್ಲರೂ ಕಂಡಿರುವ ಪಾಡು. ಒಲೆ ಉರಿಯುತ್ತಿದೆ, ಒಳಗೆ ಬೇಳೆ ಕುದಿಯುತ್ತಿದೆ, ಆದರೆ ಕುಕ್ಕರ್ ಕೂಗುತ್ತಿಲ್ಲ. ಮುಚ್ಚಳದ ಅಂಚಿನಿಂದ ಬುಸ್ಸೆಂದು ಹಬೆ ಹೊರಡುತ್ತದೆ, ಜೊತೆಗೆ ಒಂದಿಷ್ಟು ಬೇಳೆಕಟ್ಟು ಕೂಡ. ಅಮ್ಮ ಗ್ಯಾಸ್ಕೆಟ್ ತೆಗೆದು, ತಣ್ಣೀರಲ್ಲಿ ತೊಳೆದು, ಮಗುಚಿ ಹಾಕುತ್ತಾರೆ. ಎರಡು ದಿನ ಕೂಗುತ್ತದೆ, ಮೂರನೇ ದಿನ ಮತ್ತೆ ಅದೇ ಬುಸ್ಸು. ತುರ್ತಿಗೆ ಮುಚ್ಚಳದ ಸುತ್ತ ಗೋಧಿಹಿಟ್ಟು ಮೆತ್ತಿ ಅಡುಗೆ ಮುಗಿಸಿದವರೂ ಇದ್ದಾರೆ.

ಆ ರಬ್ಬರ್ ಬಳೆಯನ್ನು ಬೆಳಕಿಗೆ ಹಿಡಿದು ನೋಡಿ. ಎಲ್ಲೂ ತೂತಿಲ್ಲ, ಹರಿದಿಲ್ಲ. ಹಾಗಾದರೆ ಹಬೆ ಹೊರಟದ್ದು ಎಲ್ಲಿಂದ?

ಇದೇ ಒಗಟು ನಮ್ಮ ಅಂಗಳದಲ್ಲಿ ಕಪ್ಪು ಕಲೆಯಾಗಿ ಬಿದ್ದಿತ್ತು. ಮನೆಯ ಹಳೇ ಅಂಬಾಸಡರ್ ನಿಲ್ಲುವ ಜಾಗದಲ್ಲಿ ದಿನಾ ಬೆಳಿಗ್ಗೆ ಐದು ರೂಪಾಯಿ ನಾಣ್ಯದಷ್ಟು ಎಣ್ಣೆ. ಬಾನೆಟ್ ಎತ್ತಿದರೆ ಎಂಜಿನ್ನಿನ ನೆತ್ತಿಯ ಮೇಲಿನ ತಗಡಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್, ಅದರ ಕೆಳಗಿನ ಅಂಚು ಒದ್ದೆಯಾಗಿತ್ತು. ಆ ಮುಚ್ಚಳವನ್ನು ಹಿಡಿದಿರುವುದು ಮೇಲಿನ ಎರಡೇ ಎರಡು ನಟ್ಟುಗಳು. ಸ್ಪ್ಯಾನರ್ ಹಾಕಿ ಎರಡನ್ನೂ ಅರ್ಧ ಸುತ್ತು ಬಿಗಿದೆ. ಮರುದಿನ ಕಲೆ ದೊಡ್ಡದಾಗಿತ್ತು. ಇನ್ನರ್ಧ ಸುತ್ತು ಬಿಗಿದೆ. ಕಲೆ ಇನ್ನೂ ಹಿಗ್ಗಿತು.

ನಮ್ಮ ಬೀದಿಯ ತುದಿಯಲ್ಲಿ ಗ್ಯಾರೇಜ್ ಇಟ್ಟಿದ್ದ ಮೇಸ್ತ್ರಿಯನ್ನು ಕರೆದು ತೋರಿಸಿದೆ. ಅವರು ಕವರ್ ಮೇಲೆ ಕೈಯಾಡಿಸಿ ಹೇಳಿದ್ದು ಇಷ್ಟೇ: "ಪ್ಯಾಕಿಂಗ್ ಬಿಗಿಯೋದಲ್ಲ ಸಾರ್, ಕೂರಿಸೋದು." ಬಿಗಿಯುವುದಕ್ಕೂ ಕೂರಿಸುವುದಕ್ಕೂ ಇರುವ ವ್ಯತ್ಯಾಸ ಏನೆಂದು ಅರ್ಥವಾಗಲು ನನಗೆ ಬಹಳ ದಿನ ಹಿಡಿಯಿತು. ಕುಕ್ಕರ್ರಿನ ಒಗಟು, ಕಾರಿನ ಒಗಟು ಎರಡೂ ಬಿಡುವುದು ಅಲ್ಲೇ.

ಒಂದು ಹನಿಯ ಲೆಕ್ಕ

ಹಳೇ ಕಾರು ಎಂದರೆ ಎಣ್ಣೆ ಜಿನುಗಲೇಬೇಕು ಎಂದು ಸುಮ್ಮನಿರುವವರೇ ಹೆಚ್ಚು. ಒಂದು ಹನಿಯೆಂದರೆ ಸುಮಾರು 0.05 ಮಿಲಿಲೀಟರ್. ನಿಮಿಷಕ್ಕೆ ಒಂದೇ ಹನಿ ಬಿದ್ದರೂ ದಿನಕ್ಕೆ 1440 ಹನಿ, ಅಂದರೆ 72 ಮಿಲಿಲೀಟರ್. ತಿಂಗಳಿಗೆ ಎರಡು ಲೀಟರ್ ದಾಟುತ್ತದೆ. ಅಷ್ಟು ಎಣ್ಣೆ ಕಡಿಮೆಯಾದರೆ ಎಂಜಿನ್ ತನ್ನನ್ನು ತಾನೇ ಅರೆದುಕೊಳ್ಳಲು ತೊಡಗುತ್ತದೆ. ಹೊರಬಿದ್ದ ಎಣ್ಣೆ ಮಳೆನೀರಿನ ಜೊತೆ ಚರಂಡಿಗೆ, ಅಲ್ಲಿಂದ ಕೆರೆಗೆ ಸೇರುತ್ತದೆ. ಒಂದು ಗ್ಯಾಲನ್ ಬಳಸಿದ ಎಂಜಿನ್ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ಜಿನುಗನ್ನು ನಿಲ್ಲಿಸುವುದು ಕಾರಿನ ಮೇಲಿನ ಪ್ರೀತಿಗಷ್ಟೇ ಅಲ್ಲ, ಊರಿನ ನೀರಿಗೂ ಬೇಕಾದ ಕೆಲಸ.

ನುಣುಪಾದ ಲೋಹದ ಬೆಟ್ಟ ಕಣಿವೆಗಳು

ಎಂಜಿನ್ ಒಂದೇ ಗಟ್ಟಿ ಲೋಹದ ಮುದ್ದೆಯಲ್ಲ. ನಡುವೆ ಬ್ಲಾಕ್, ಅದರ ಮೇಲೆ ಹೆಡ್, ಹೆಡ್ಡಿನ ಮೇಲೆ ಟ್ಯಾಪೆಟ್ ಕವರ್, ಎಲ್ಲದರ ಅಡಿಗೆ ಎಣ್ಣೆ ತುಂಬಿಕೊಳ್ಳುವ ಚೇಂಬರ್. ಬಿಡಿ ತುಂಡುಗಳನ್ನು ಒಂದರ ಮೇಲೊಂದು ಕೂರಿಸಿ ಬೋಲ್ಟ್ ಬಿಗಿದಿರುತ್ತಾರೆ. ಎರಡು ತುಂಡು ಸೇರುವ ಪ್ರತಿಯೊಂದು ಕಡೆಯೂ ಎಣ್ಣೆಗೆ ಒಂದು ಬಾಗಿಲು.

ಲೋಹದ ಮೇಲೆ ಬೆರಳಾಡಿಸಿದರೆ ಕನ್ನಡಿಯಂತೆ ನುಣುಪು. ಆದರೆ ಯಂತ್ರದಲ್ಲಿ ಕಡೆದ ಮೈಯಲ್ಲೂ ಕೆಲವು ಮೈಕ್ರಾನ್ ಎತ್ತರದ ಏರುತಗ್ಗುಗಳು ಉಳಿದೇ ಇರುತ್ತವೆ. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಎರಡು ಲೋಹದ ಮೈಗಳನ್ನು ಸೇರಿಸುವುದೆಂದರೆ ಚಾರ್ಮಾಡಿ ಘಾಟಿಯ ಮೇಲೆ ಶಿರಾಡಿ ಘಾಟಿಯನ್ನು ಬೋರಲು ಕವುಚಿದ ಹಾಗೆ. ಶಿಖರಕ್ಕೆ ಶಿಖರ ತಾಗುತ್ತದೆ, ಕಣಿವೆಗಳು ಖಾಲಿಯಾಗಿಯೇ ಉಳಿಯುತ್ತವೆ. ಎಣ್ಣೆಗೆ ಆ ಕಣಿವೆಗಳೇ ಹೆದ್ದಾರಿ.

ಟ್ಯಾಪೆಟ್ ಕವರ್ ಒಳಗೆ ಕುಕ್ಕರ್‌ನಲ್ಲಿರುವಂಥ ಒತ್ತಡವೇನೂ ಇರುವುದಿಲ್ಲ. ಆದರೂ ಎಣ್ಣೆ ಹೊರಬರುತ್ತದೆ. ದೇವರ ದೀಪದಲ್ಲಿ ಎಣ್ಣೆಯನ್ನು ಯಾರೂ ಮೇಲಕ್ಕೆ ತಳ್ಳುವುದಿಲ್ಲ, ಬತ್ತಿಯ ಎಳೆಗಳ ನಡುವಿನ ಸಂದುಗಳೇ ಅದನ್ನು ಎಳೆದುಕೊಳ್ಳುತ್ತವೆ. ಸಂದು ಕಿರಿದಾದಷ್ಟೂ ಈ ಸೆಳೆತ ಹೆಚ್ಚು. ಇದನ್ನು ಸಂದುಸೆಳೆತ ಎಂದು ಕರೆಯೋಣ. ಎಂಜಿನ್ ಕಾದಾಗ ಎಣ್ಣೆಯೂ ನೀರಾಗುತ್ತದೆ. ಹಳೇ ಕಾರುಗಳಿಗೆ ಹಾಕುವ 20ಡಬ್ಲ್ಯು-40 ಎಣ್ಣೆ 40 ಡಿಗ್ರಿಯಲ್ಲಿ ಇರುವುದಕ್ಕಿಂತ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟೊಂಬತ್ತು ಪಟ್ಟು ಸಲೀಸಾಗಿ ಹರಿಯುತ್ತದೆ. ತಣ್ಣಗಿದ್ದಾಗ ಜೇನಿನಂತಿದ್ದದ್ದು ಬಿಸಿಯಾದಾಗ ಯಾವ ಸಂದಿಗಾದರೂ ನುಗ್ಗುತ್ತದೆ.

ಗೋಡೆಯಲ್ಲ, ಸ್ಪ್ರಿಂಗ್

ಈ ಕಣಿವೆಗಳನ್ನು ತುಂಬಲು ಎರಡು ಲೋಹಗಳ ನಡುವೆ ಮೆತ್ತನೆಯದೊಂದನ್ನು ಇಡುತ್ತಾರೆ. ಅದೇ ಗ್ಯಾಸ್ಕೆಟ್, ನಮ್ಮ ಗ್ಯಾರೇಜುಗಳ ಮಾತಿನಲ್ಲಿ ಪ್ಯಾಕಿಂಗ್. ಕಾಗದ, ಕಾರ್ಕ್, ರಬ್ಬರ್, ತೆಳು ಉಕ್ಕಿನ ಹಾಳೆ, ಹೀಗೆ ಜಾಗಕ್ಕೆ ತಕ್ಕ ವಸ್ತು.

ಪ್ಯಾಕಿಂಗ್ ಒಂದು ಗೋಡೆ, ಅಡ್ಡ ನಿಂತು ಎಣ್ಣೆಯನ್ನು ತಡೆಯುತ್ತದೆ ಎಂದೇ ನಾವೆಲ್ಲ ಅಂದುಕೊಳ್ಳುವುದು. ತಗ್ಗು ತುಂಬುವುದಷ್ಟೇ ಅದರ ಕೆಲಸವಾಗಿದ್ದರೆ ಮೇಣ ಸವರಿದರೂ ಸಾಕಿತ್ತು. ಅದಕ್ಕೆ ಇನ್ನೂ ದೊಡ್ಡ ಕೆಲಸವೊಂದಿದೆ. ಬೋಲ್ಟ್ ತನ್ನನ್ನು ಅದುಮಿದಷ್ಟು ಹೊತ್ತೂ ಅದು ಎರಡೂ ಬದಿಯ ಲೋಹವನ್ನು ತಿರುಗಿ ಒತ್ತುತ್ತಲೇ ಇರಬೇಕು. ಈ ತಿರುಗಿ ಒತ್ತುವ ಗುಣಕ್ಕೆ ಎದುರೊತ್ತು ಎಂದು ಹೆಸರಿಡೋಣ. ಸೊಂಟದ ಎಲಾಸ್ಟಿಕ್ ಬಟ್ಟೆಯನ್ನು ಹಿಡಿದಿರುವುದು ಅದು ಎಳೆದುಕೊಳ್ಳುತ್ತಿರುವುದರಿಂದ. ಎಳೆತ ಸತ್ತ ಎಲಾಸ್ಟಿಕ್ ಹರಿದಿರಬೇಕಾಗಿಲ್ಲ, ಆದರೂ ಬಟ್ಟೆ ಜಾರುತ್ತದೆ.

ಎದುರೊತ್ತು ನಿರಂತರ ಏಕೆ ಬೇಕೆಂದರೆ ಲೋಹ ಸುಮ್ಮನೆ ಕೂರುವುದಿಲ್ಲ. ಒಂದಡಿ ಉದ್ದದ ಅಲ್ಯೂಮಿನಿಯಂ ತುಂಡು 80 ಡಿಗ್ರಿ ಹೆಚ್ಚು ಬಿಸಿಯಾದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚೇ ಉದ್ದವಾಗುತ್ತದೆ. ಅಷ್ಟೇ ಉದ್ದದ ಎರಕದ ಕಬ್ಬಿಣ ಅದರ ಅರ್ಧದಷ್ಟು ಮಾತ್ರ. ಅಲ್ಯೂಮಿನಿಯಂ ಹೆಡ್ಡು ಕಬ್ಬಿಣದ ಬ್ಲಾಕಿನ ಮೇಲೆ ಕೂತ ಎಂಜಿನ್‌ಗಳಲ್ಲಿ ಪ್ರತಿ ಸಲ ಕಾರು ಓಡಿ ನಿಂತಾಗಲೂ ಎರಡರ ನಡುವೆ ಈ ಎಳೆದಾಟ. ಅಂಬಾಸಡರಿನ ಹೆಡ್ಡು, ಬ್ಲಾಕು ಎರಡೂ ಎರಕದ ಕಬ್ಬಿಣವೇ. ಅಲ್ಲಿಯೂ ಬಿಸಿ, ನಡುಕ, ಕುಲುಕು ತಪ್ಪಿದ್ದಲ್ಲ. ಲೋಹ ಕೂದಲೆಳೆಯಷ್ಟು ಸರಿದಾಗ ಪ್ಯಾಕಿಂಗ್ ಕೂದಲೆಳೆಯಷ್ಟು ಉಬ್ಬಿ ಆ ಜಾಗ ತುಂಬಬೇಕು.

ಬೋಲ್ಟ್ ಕೂಡ ಒಂದು ಸ್ಪ್ರಿಂಗೇ. ಹೆಡ್ಡನ್ನು ಹಿಡಿಯುವ 100 ಮಿಲಿಮೀಟರ್ ಉದ್ದದ ಉಕ್ಕಿನ ಬೋಲ್ಟ್ ಸರಿಯಾಗಿ ಬಿಗಿದಾಗ ಸುಮಾರು ಕಾಲು ಮಿಲಿಮೀಟರ್ ಹಿಗ್ಗುತ್ತದೆ. ಹಿಗ್ಗಿದ ಉಕ್ಕು ಮತ್ತೆ ಕುಗ್ಗಲು ಎಳೆಯುತ್ತದೆ, ಆ ಎಳೆತವೇ ಹಿಡಿತ. ಎಳೆಯುವ ಬೋಲ್ಟು, ಎದುರೊತ್ತುವ ಪ್ಯಾಕಿಂಗು: ಇವೆರಡರ ಜಗ್ಗಾಟ ಸರಿಸಮನಾಗಿ ನಡೆದಿರುವಷ್ಟು ದಿನ ಎಣ್ಣೆಗೆ ದಾರಿಯಿಲ್ಲ.

ಜಡ್ಡುಗಟ್ಟುವ ರಬ್ಬರ್

ಇನ್ನು ಕುಕ್ಕರ್ ಗ್ಯಾಸ್ಕೆಟ್ಟಿಗೆ ಏನಾಯಿತೆಂದು ನೋಡೋಣ. ರಬ್ಬರಿನ ಅಣುಗಳು ಶ್ಯಾವಿಗೆಯಂಥ ಉದ್ದನೆಯ ಎಳೆಗಳು. ಬರೀ ಶ್ಯಾವಿಗೆಯಾದರೆ ಒತ್ತಿದಾಗ ಜಾರಿ ಹರಡಿಬಿಡುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್, ಗಂಧಕ ಬೆರೆಸಿ ಕಾಯಿಸಿದ ರಬ್ಬರ್ ಜಾರದೆ, ಅಂಟದೆ, ಒತ್ತಿದರೆ ಪುಟಿಯುವುದನ್ನು ಕಂಡುಕೊಂಡರು. ಗಂಧಕ ಆ ಎಳೆಗಳ ನಡುವೆ ಅಲ್ಲಲ್ಲಿ ಗಂಟು ಹಾಕಿ ಬಲೆಯಂತೆ ಹೆಣೆಯುತ್ತದೆ. ಒತ್ತಿದಾಗ ಬಲೆ ಆಕಾರ ಬದಲಿಸುತ್ತದೆ, ಬಿಟ್ಟಾಗ ಗಂಟುಗಳು ಅದನ್ನು ಮೊದಲಿನ ಆಕಾರಕ್ಕೆ ಎಳೆದು ತರುತ್ತವೆ.

ವರ್ಷಗಟ್ಟಲೆ ಬಿಸಿಯಲ್ಲಿ, ಅದುಮಿದ ಸ್ಥಿತಿಯಲ್ಲೇ ಇಟ್ಟರೆ ಹಳೇ ಗಂಟುಗಳು ಕೆಲವು ಬಿಚ್ಚಿಕೊಳ್ಳುತ್ತವೆ, ಗಾಳಿಯ ಆಮ್ಲಜನಕ ಮತ್ತು ಶಾಖ ಸೇರಿ ಹೊಸ ಗಂಟುಗಳನ್ನು ಹಾಕುತ್ತವೆ. ಹೊಸ ಗಂಟುಗಳು ಬೀಳುವುದು ಅದುಮಿದ ಆಕಾರದಲ್ಲಿ. ಹಾಗಾಗಿ ರಬ್ಬರಿಗೆ ಅದುಮಿದ ಆಕಾರವೇ ತನ್ನ ಸ್ವಂತ ಆಕಾರವಾಗಿಬಿಡುತ್ತದೆ. ಪುಟಿಯಲು ಅದಕ್ಕೆ ಕಾರಣವೇ ಉಳಿಯುವುದಿಲ್ಲ. ಇದನ್ನು ಕುಗ್ಗುಜಡ್ಡು ಎನ್ನೋಣ. ತಂತ್ರಜ್ಞರು ಕಂಪ್ರೆಷನ್ ಸೆಟ್ ಎನ್ನುತ್ತಾರೆ. ತೂತಿಲ್ಲದ ಗ್ಯಾಸ್ಕೆಟ್ ಹಬೆ ಬಿಡುವುದು, ಅದರ ಎದುರೊತ್ತು ಸತ್ತಿರುವುದರಿಂದ. ಮಗುಚಿ ಹಾಕಿದಾಗ ಎರಡು ದಿನ ನಡೆಯುವುದು, ಜಡ್ಡು ಕಡಿಮೆಯಿರುವ ಇನ್ನೊಂದು ಮುಖ ತಾಗುವುದರಿಂದ.

ಎದುರೊತ್ತು ಸತ್ತರೆ ಏನಾಗುತ್ತದೆಂದು ಜಗತ್ತು 1986ರ ಜನವರಿ 28ರಂದು ನೋಡಿತು. ಚಾಲೆಂಜರ್ ಗಗನನೌಕೆ ಹಾರಿದ 73 ಸೆಕೆಂಡಿನಲ್ಲಿ ಒಡೆದು ಏಳು ಜನ ತೀರಿಕೊಂಡರು. ತನಿಖಾ ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್, ರಾಕೆಟ್ಟಿನ ಕೀಲಿಗೆ ಹಾಕುತ್ತಿದ್ದ ರಬ್ಬರ್ ಬಳೆಯ ತುಂಡೊಂದನ್ನು ಚಿಕ್ಕ ಕ್ಲ್ಯಾಂಪಿನಲ್ಲಿ ಅದುಮಿ ಐಸ್ ನೀರಿನಲ್ಲಿ ಮುಳುಗಿಸಿದರು. ತೆಗೆದು ಕ್ಲ್ಯಾಂಪ್ ಸಡಿಲಿಸಿದಾಗ ರಬ್ಬರ್ ಪುಟಿಯಲಿಲ್ಲ, ಅದುಮಿದಂತೆಯೇ ಇತ್ತು. ಅಲ್ಲಿ ಎದುರೊತ್ತನ್ನು ಕಸಿದದ್ದು ಚಳಿ, ನಮ್ಮ ಎಂಜಿನ್ನಿನಲ್ಲಿ ಕಸಿಯುವುದು ಬಿಸಿ ಮತ್ತು ವಯಸ್ಸು. ಸೋರುವ ಬಗೆ ಮಾತ್ರ ಒಂದೇ.

ಮುದ್ದೆ ಮತ್ತು ಬ್ರೆಡ್ಡು

ಅಂಬಾಸಡರಿನ ಟ್ಯಾಪೆಟ್ ಕವರ್ ಕೆಳಗೆ ಇರುವುದು ಕಾರ್ಕ್. ಮೆಡಿಟರೇನಿಯನ್ ಸೀಮೆಯ ಓಕ್ ಮರವೊಂದರ ತೊಗಟೆ ಅದು. ಮರ ಕಡಿಯದೆ ಬರೀ ತೊಗಟೆ ಸುಲಿಯುತ್ತಾರೆ, ಮತ್ತೆ ಸುಲಿಯಲು ಒಂಬತ್ತು ವರ್ಷವಾದರೂ ಕಾಯಬೇಕು. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ಕಾರ್ಕಿನ ಸೀಳೊಂದನ್ನು ನೋಡಿ, ಅದರ ಪುಟ್ಟ ಪುಟ್ಟ ಖಾನೆಗಳನ್ನು ಸೆಲ್ ಎಂದು ಕರೆದರು. ಜೀವಕೋಶಕ್ಕೆ ಇಂಗ್ಲಿಷಿನಲ್ಲಿ ಆ ಹೆಸರು ಬಂದದ್ದು ಹೀಗೆ.

ಆ ಖಾನೆಗಳಲ್ಲಿ ತುಂಬಿರುವುದು ಗಾಳಿ. ರಾಗಿಮುದ್ದೆಯನ್ನು ಮೇಲಿನಿಂದ ಅದುಮಿದರೆ ಪಕ್ಕಕ್ಕೆ ಉಬ್ಬುತ್ತದೆ, ರಬ್ಬರೂ ಹಾಗೆಯೇ. ಬ್ರೆಡ್ ಚೂರನ್ನು ಅದುಮಿದರೆ ಪಕ್ಕಕ್ಕೆ ಹರಡದೆ ಇದ್ದಲ್ಲೇ ಕುಗ್ಗುತ್ತದೆ, ಕಾರ್ಕ್ ಆ ಜಾತಿಗೆ ಸೇರಿದ್ದು. ತೆಳು ತಗಡಿನ ಅಂಚಿನಿಂದ ಹೊರಕ್ಕೆ ಜಾರದೆ ನಿಲ್ಲುವುದಕ್ಕೆ ಇದೇ ಕಾರಣ. ಆದರೆ ಕಾರ್ಕ್ ಒಣಗುತ್ತದೆ. ನಾನು ಬಿಚ್ಚಿ ತೆಗೆದ ಹಳೇ ಪ್ಯಾಕಿಂಗ್ ಕಪ್ಪಾಗಿ, ಕುಗ್ಗಿ, ಹಳೇ ರಸ್ಕಿನಂತೆ ಬೆರಳಲ್ಲೇ ಪುಡಿಯಾಯಿತು. ಅಂಗಡಿಯಿಂದ ತಂದ ಹೊಸದನ್ನು ಉಗುರಿನಿಂದ ಒತ್ತಿದರೆ ಗುರುತು ಮೂಡಿ, ಮೆಲ್ಲನೆ ಮಾಯವಾಗುತ್ತಿತ್ತು.

ಬಿಗಿ ಮಾಡಿದಾಗ ಆಗಿದ್ದೇನು?

ಸತ್ತ ಪ್ಯಾಕಿಂಗನ್ನು ಇನ್ನಷ್ಟು ಅದುಮಿದರೆ ಒತ್ತು ಬರಬೇಕಲ್ಲವೇ? ಇಲ್ಲ, ಏಕೆಂದರೆ ನಡುವೆ ಇನ್ನೊಂದು ಪಾತ್ರವಿದೆ, ತೆಳು ತಗಡು. ಹಪ್ಪಳದ ಡಬ್ಬಿಯ ತಗಡಿನ ಮುಚ್ಚಳವನ್ನು ನಡುವೆ ಬಲವಾಗಿ ಅದುಮಿ ನೋಡಿ. ನಡು ತಗ್ಗಿ ಅಂಚು ಮೇಲೇಳುತ್ತದೆ. ನಡುನೆತ್ತಿಯ ಎರಡು ನಟ್ಟುಗಳನ್ನು ನಾನು ಬಿಗಿದಾಗಲೂ ಹಾಗೇ ಆಗಿತ್ತು. ನಟ್ಟಿನ ಹತ್ತಿರ ಕಾರ್ಕ್ ಜಜ್ಜಿಹೋಗಿತ್ತು, ದೂರದ ಅಂಚಿನಲ್ಲಿ ತಗಡು ಬಾಗಿ ಎದ್ದಿತ್ತು. ಚೇಂಬರಿನಂತೆ ಅಂಚಿನ ಸುತ್ತ ಬೋಲ್ಟುಗಳಿರುವ ಕಡೆ ಪ್ರತಿ ತೂತಿನ ಸುತ್ತ ತಗಡು ಒಳಸರಿದು, ಎರಡು ಬೋಲ್ಟುಗಳ ನಡುವೆ ಪುಟ್ಟ ಕಮಾನು ಏಳುತ್ತದೆ. ಎಣ್ಣೆ ಹೊರಡುವುದು ಆ ಕಮಾನಿನಡಿಯಿಂದ.

ಬೇಕಾದದ್ದು ಹೆಚ್ಚು ಒತ್ತಲ್ಲ, ಎಲ್ಲೆಡೆ ಸಮನಾದ ಒತ್ತು. ಮೇಸ್ತ್ರಿ ಹೇಳಿದ ಕೂರಿಸುವುದು ಎಂಬ ಮಾತಿನ ಅರ್ಥ ಇದೇ.

ಅಂಗಳದಲ್ಲಿ ಒಂದು ಭಾನುವಾರ

ಈ ತಿಳಿವಳಿಕೆ ಇದ್ದರೆ ಟ್ಯಾಪೆಟ್ ಕವರ್ ಪ್ಯಾಕಿಂಗ್ ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ಮಾಡುವ ಪ್ರತಿ ಹೆಜ್ಜೆಯ ಹಿಂದೆಯೂ ಎದುರೊತ್ತಿನ ಕಾರಣವೇ ಇದೆ.

ಮೊದಲು ಸೋರುವ ಜಾಗವನ್ನು ಖಚಿತ ಮಾಡಿಕೊಳ್ಳಬೇಕು. ಎಣ್ಣೆ ಕೆಳಕ್ಕೆ ಹರಿಯುತ್ತದೆ, ಗಾಳಿ ಅದನ್ನು ಹಿಂದಕ್ಕೆ ಹರಡುತ್ತದೆ. ಹನಿ ಬೀಳುವ ಜಾಗ ಸೋರುವ ಜಾಗವಲ್ಲ. ಎಂಜಿನ್ ತಣ್ಣಗಿದ್ದಾಗ ಹೊರಮೈ ಒರೆಸಿ ಒಣಗಿಸಿ, ಅನುಮಾನವಿರುವ ಅಂಚುಗಳಿಗೆ ಮುಖಕ್ಕೆ ಹಚ್ಚುವ ಪೌಡರ್ ಸವರಿ, ಸ್ವಲ್ಪ ಹೊತ್ತು ಓಡಿಸಿ. ಬಿಳಿ ಪೌಡರಿನಲ್ಲಿ ಎಲ್ಲಕ್ಕಿಂತ ಮೇಲೆ ಕಾಣುವ ಒದ್ದೆ ಗೆರೆಯೇ ಕಳ್ಳನ ಹೆಜ್ಜೆ.

ಎರಡನೆಯದು ಬ್ರೀದರ್ ಪೈಪು. ಪಿಸ್ಟನ್ನಿನ ಪಕ್ಕದಿಂದ ಒಂದಿಷ್ಟು ಹೊಗೆ ಸದಾ ಎಂಜಿನ್ನಿನ ಹೊಟ್ಟೆಗೆ ಇಳಿಯುತ್ತಿರುತ್ತದೆ, ಅದು ಹೊರಹೋಗಲು ಈ ಪೈಪು. ಅದು ಮಡ್ಡಿಯಿಂದ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಎಂಥ ಹೊಸ ಪ್ಯಾಕಿಂಗ್ ಹಾಕಿದರೂ ಎಣ್ಣೆಯನ್ನು ಹೊರದಬ್ಬುತ್ತದೆ. ಮೊದಲು ಪೈಪು ತೊಳೆಯಿರಿ.

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಕವರ್ ತೆಗೆದ ಮೇಲೆ ಹಳೇ ಪ್ಯಾಕಿಂಗ್ ಕೆರೆಯಬೇಕು. ಮರದ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿ ಬಳಸಿ. ಚಾಕುವಿನ ಗೀರು ಎಣ್ಣೆಗೆ ಹೊಸ ಕಣಿವೆ. ಚೂರುಗಳು ಎಂಜಿನ್ನಿನೊಳಗೆ ಬೀಳದಂತೆ ತೆರೆದ ಕಡೆ ಬಟ್ಟೆ ಹಾಸಿ. ಹಳೇ ಕಾರುಗಳ ಬೂದು ಬಣ್ಣದ ನಾರುನಾರಾದ ಪ್ಯಾಕಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ದೂಳು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ. ಅಂಥದ್ದನ್ನು ಒಣಗಿದ್ದಾಗ ಉಜ್ಜಬೇಡಿ, ಒದ್ದೆ ಮಾಡಿ ತೆಗೆಯಿರಿ.

ಒರೆಸುವಾಗ ಒಂದು ಎಚ್ಚರ. ಗ್ಯಾರೇಜಿನ ವೇಸ್ಟ್ ನೂಲಿನಲ್ಲಿ ನಾನು ಒರೆಸಿದಾಗ ಒಂದೇ ಒಂದು ಎಳೆ ಅಂಚಿಗೆ ಅಡ್ಡ ಬಿದ್ದಿತ್ತು. ಮೇಸ್ತ್ರಿ ಅದನ್ನು ಉಗುರಲ್ಲಿ ಎತ್ತಿ ತೋರಿಸಿದರು: "ಇದು ಸಾಕು ಸಾರ್, ದೀಪದ ಬತ್ತಿ." ಪ್ಯಾಕಿಂಗ್ ಅಡಿಯಲ್ಲಿ ಉಳಿದಿದ್ದರೆ ಆ ಎಳೆ ಒಳಗಿನ ಎಣ್ಣೆಯನ್ನು ದಿನವಿಡೀ ಹೊರಕ್ಕೆ ಸೆಳೆಯುತ್ತಿತ್ತು. ನೂಲು ಬಿಡದ ಹಳೇ ಹತ್ತಿ ಬನಿಯನ್ ಒಳ್ಳೆಯದು.

ತಗಡಿನ ಅಂಚು ಬಾಗಿದೆಯೇ ಎಂದು ತಿಳಿಯಲು ಕವರನ್ನು ಗಾಜಿನ ಮೇಲೆ ಬೋರಲು ಇಟ್ಟು ಒಳಗಿಂದ ಟಾರ್ಚ್ ಬಿಡಿ. ಬೆಳಕು ಇಣುಕಿದ ಕಡೆ ಅಂಚಿಗೆ ಮರದ ತುಂಡು ಕೊಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ನೇರ ಮಾಡಬೇಕು. ನಮ್ಮದರಲ್ಲಿ ಬೆಳಕು ಎರಡು ಕಡೆ ಇಣುಕಿತು. ಎರಡೂ ನಾನು ಬಿಗಿದದ್ದರ ಫಲ. ಹೊಸ ಕಾರ್ಕ್ ಒಣಗಿ ಕಿರಿದಾಗಿದ್ದರೆ ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿದರೆ ಅಳತೆಗೆ ಬರುತ್ತದೆ. ಅಂಟು ಹಚ್ಚುವುದಾದರೆ ಕವರ್ ಬದಿಗೆ ಮಾತ್ರ, ಅದೂ ತೆಳುವಾಗಿ. ಎಲ್ಲೆಡೆ ಸಿಲಿಕಾನ್ ಪೇಸ್ಟ್ ಮೆತ್ತುವ ಅಭ್ಯಾಸ ಕುಕ್ಕರಿಗೆ ಹಿಟ್ಟು ಮೆತ್ತಿದ ಹಾಗೆ. ಒಳಕ್ಕೆ ಉಬ್ಬಿದ ಪೇಸ್ಟ್ ಕಳಚಿ ಬಿದ್ದು ಆಯಿಲ್ ಪಂಪಿನ ಜಾಲರಿಗೆ ಅಡ್ಡವಾದರೆ ಎಂಜಿನ್ನಿಗೇ ಅಪಾಯ.

ನಟ್ಟುಗಳ ಅಡಿಯಲ್ಲಿರುವ ರಬ್ಬರ್ ಬುಷ್‌ಗಳನ್ನೂ ಬದಲಿಸಿ. ಅವೂ ಸ್ಪ್ರಿಂಗುಗಳೇ, ಅವೂ ಜಡ್ಡುಗಟ್ಟಿರುತ್ತವೆ. ಕೊನೆಗೆ ಬಿಗಿಯುವುದು: ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬಾರದು. ಇದು ಕಾಲು ಸುತ್ತು, ಅದು ಕಾಲು ಸುತ್ತು. ಬುಷ್ ತುಸು ಉಬ್ಬಿ ಕೈಗೆ ಎದುರೊತ್ತು ಗೊತ್ತಾದ ಕ್ಷಣ ನಿಲ್ಲಿಸಬೇಕು. ನಾಲ್ಕಾರು ದಿನ ಓಡಿದ ಮೇಲೆ ಕಾರ್ಕ್ ಕೂತುಕೊಳ್ಳುತ್ತದೆ, ಆಗ ಒಮ್ಮೆ ಮುಟ್ಟಿ ನೋಡಿದರೆ ಸಾಕು.

ಮನೆಯಲ್ಲಿ ಮುಟ್ಟಬಾರದ್ದು

ಹೆಡ್ ಗ್ಯಾಸ್ಕೆಟ್ ಮಾತೇ ಬೇರೆ. ಕುಕ್ಕರಿನೊಳಗೆ ಹೊರಗಿನ ಗಾಳಿಗಿಂತ ಒಂದು ವಾಯುಭಾರದಷ್ಟು ಹೆಚ್ಚು ಒತ್ತಡವಿದ್ದರೆ, ಪೆಟ್ರೋಲ್ ಉರಿಯುವ ಗಳಿಗೆಯಲ್ಲಿ ಸಿಲಿಂಡರಿನೊಳಗೆ ಅದರ ನಲವತ್ತೈವತ್ತು ಪಟ್ಟು. ಅದಕ್ಕೆ ಅಳತೆಯ ಬಿಗಿತ ಬೇಕು, ನಡುವಿನ ಬೋಲ್ಟಿನಿಂದ ಹೊರಗಿನವಕ್ಕೆ ಹೋಗುವ ಕ್ರಮ ಬೇಕು. ಕೈಯ ಅಂದಾಜು ಇಲ್ಲಿ ನಡೆಯದು. ನಾವು ಸ್ಪ್ಯಾನರಿಗೆ ಹಾಕುವ ಬಲದಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ಬೋಲ್ಟನ್ನು ಹಿಗ್ಗಿಸುತ್ತದೆ. ಉಳಿದದ್ದೆಲ್ಲ ಉಜ್ಜಾಟದಲ್ಲಿ ಕಳೆದುಹೋಗುತ್ತದೆ. ತುಕ್ಕು ಹಿಡಿದ ಬೋಲ್ಟೂ ಎಣ್ಣೆ ಸವರಿದ ಬೋಲ್ಟೂ ಕೈಗೆ ಒಂದೇ ಬಿಗಿ ಎನಿಸಿದರೂ ಹಿಡಿತ ಬೇರೆ ಬೇರೆ. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದರೆ, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ನುರಿತವರ ಹತ್ತಿರ ಹೋಗಿ. ಚೇಂಬರ್ ಪ್ಯಾಕಿಂಗಿಗೆ ಕಾರಿನಡಿ ಮಲಗಬೇಕಾಗುತ್ತದೆ. ಬರೀ ಜಾಕ್ ನಂಬಿ ಎಂದೂ ಮಲಗಬೇಡಿ, ಗಟ್ಟಿ ಸ್ಟ್ಯಾಂಡ್ ಇರಲೇಬೇಕು.

ಒಣಗಿದ ರಟ್ಟು

ಆ ಭಾನುವಾರ ರಾತ್ರಿ ಕಾರಿನಡಿ ಒಂದು ರಟ್ಟು ಹಾಸಿಟ್ಟೆ. ಬೆಳಿಗ್ಗೆ ಅದು ಒಣಗಿಯೇ ಇತ್ತು. ಒಳಗೆ ಬಂದಾಗ ಅಡುಗೆಮನೆಯಲ್ಲಿ ಕುಕ್ಕರ್ ಬುಸ್ಸೆನ್ನುತ್ತಿತ್ತು. ಒಲೆ ಆರಿಸಿ, ಹಬೆ ಇಳಿದ ಮೇಲೆ ಅದರ ಬಳೆ ತೆಗೆದು ಉಗುರಿನಿಂದ ಒತ್ತಿದೆ. ಗುರುತು ಮೂಡಿತು, ಹಾಗೇ ಉಳಿಯಿತು. ಈ ಸಲ ಮಗುಚಿ ಹಾಕಲಿಲ್ಲ, ಹೊಸದನ್ನು ತರಲು ಹೊರಟೆ.